ಕಲ್ಲಿನ ಮೇಲೆ ಬಿಚ್ಚಿದ ಬುತ್ತಿ

ಮೂರು ಕಡೆ ಸಮುದ್ರ ಸುತ್ತಿಕೊಂಡ ಒಂದು ಗುಡ್ಡದ ಮೇಲೆ ನಾವು ಉಳಿದುಕೊಂಡಿದ್ದೆವು. ನಾನು, ನಮ್ಮವರು, ಅತ್ತೆ. ಕೊಪ್ಪಳದಿಂದ ಹೊರಡುವಾಗಲೇ ಅತ್ತೆ ಕೆಂಪು ಚೌಕಳಿ ಬಟ್ಟೆಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿದ್ದರು. ಅಲ್ಲಿಯ ಊಟದ ಮೇಲೆ ಅವರಿಗೆ ಮೊದಲಿನಿಂದಲೂ ಅನುಮಾನ. ಅವತ್ತು ಬೆಳಿಗ್ಗೆ ನೀರುದೋಸೆ ಬಂದಾಗ, "ಇದೇನಬೇ, ತೊಳದ ಅರಿವಿ ಹಂಗೈತಿ" ಎಂದು ಒಂದನ್ನೇ ತಿಂದು ತಟ್ಟೆ ಸರಿಸಿದರು. ಅಷ್ಟರಲ್ಲಿ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಚುಚ್ಚಿ ಆಗಿತ್ತು. ಚುಚ್ಚಿದ ಮೇಲೆ ಹೊಟ್ಟೆ ತುಂಬ ಉಣ್ಣಲೇಬೇಕು, ಇಲ್ಲದಿದ್ದರೆ ಸಕ್ಕರೆ ಇಳಿದು ಎಚ್ಚರ ತಪ್ಪಬಹುದು. ದಂಡೆಯ ಮೇಲೆ ಬುತ್ತಿ ಬಿಚ್ಚಿದರಾಯಿತೆಂದು ನಾನು ಸುಮ್ಮನಾದೆ.

ದಂಡೆ ಖಾಲಿಯಿತ್ತು. ನೀರು ದೂರ ಸರಿದು, ಒದ್ದೆ ಮರಳಿನ ಮೇಲೆ ಪುಟ್ಟ ಏಡಿಗಳು ಸಾಸಿವೆಯಂಥ ಉಂಡೆಗಳನ್ನು ಕಟ್ಟಿಟ್ಟಿದ್ದವು. ಆ ಮರಳು ನೇರ ಒಂದು ದೊಡ್ಡ ಕಲ್ಲಿನವರೆಗೂ ಹೋಗಿತ್ತು.

"ಅವ್ವಗ ಆ ಕಲ್ಲಿನ ತನಕ ಅಡ್ಡಾಡಿಸ್ಕೊಂಡು ಬರ್ತೀನಿ" ಎಂದರು ನಮ್ಮವರು.

"ಉಂಡು ಹೋಗ್ರಿ. ನೀರು ಏರಿದ್ರ?"

ಅವರು ಬೆಳೆದದ್ದು ಮುನಿರಾಬಾದಿನ ಡ್ಯಾಮ್ ಕಾಲೊನಿಯಲ್ಲಿ. ನೀರಿನ ವಿಷಯಕ್ಕೆ ಯಾರ ಮಾತನ್ನೂ ಕೇಳುವವರಲ್ಲ. "ಹಂಗ ಸುಮ್ನ ಏರಂಗಿಲ್ಲ ಅದು. ನೀರು ಬಿಡೂ ಮುಂದ ಸೈರನ್ ಹೊಡೀತಾರ" ಎಂದು ನಕ್ಕರು. ಅತ್ತೆಯೂ ನಕ್ಕು, ಸೀರೆ ಸ್ವಲ್ಪ ಎತ್ತಿ ಸಿಕ್ಕಿಸಿಕೊಂಡು ಮಗನ ಹಿಂದೆ ಹೊರಟೇಬಿಟ್ಟರು. ಚಪ್ಪಲಿ, ಬುತ್ತಿ ಕಾಯಲು ನಾನು ಉಳಿದೆ.

ಚಪ್ಪಲಿಗೆ ನೀರು ತಾಗಿತು, ಹಿಂದಕ್ಕೆ ಸರಿಸಿದೆ. ಮತ್ತೆ ತಾಗಿತು, ಮತ್ತೆ ಸರಿಸಿದೆ. ಏಡಿಗಳ ಉಂಡೆಗಳು ಎಲ್ಲಿ ಹೋದವೆಂದು ತಲೆ ಎತ್ತಿದಾಗ ಅವರು ನಡೆದುಹೋದ ದಾರಿಯೇ ಇರಲಿಲ್ಲ. ನಮ್ಮವರು ಕಲ್ಲಿನಿಂದ ಇಳಿದು ಸೊಂಟಮಟ್ಟದ ನೀರಿಗೆ ಬಂದರು. ಒಂದು ಅಲೆ ಅವರನ್ನು ಹಿಂದಕ್ಕೆ ಎಸೆಯಿತು. ನಮ್ಮಲ್ಲಿ ಯಾರಿಗೂ ಈಜು ಬಾರದು. ಅವರು ಮತ್ತೆ ಕಲ್ಲು ಹತ್ತಿದರು.

ಎಳನೀರು ಮಾರುವ ಹೆಂಗಸಿನ ಬಳಿ ಓಡಿದೆ. "ಕಲ್ಲು ಮುಳುಗೂದಿಲ್ಲ, ಹೆದರಬೇಡಿ. ಸಂಜೆಗೆ ನೀರು ಇಳೀತದೆ" ಎಂದಳು. ದೋಣಿಗಳೆಲ್ಲ ಆಳ ಸಮುದ್ರಕ್ಕೆ ಹೋಗಿದ್ದವು. ಸಂಜೆಯವರೆಗೆ ಅತ್ತೆ ಉಪವಾಸ ಇರುವಂತಿಲ್ಲ ಎಂಬುದನ್ನು ಅವಳಿಗೆ ಹೇಳಿ ಏನು ಪ್ರಯೋಜನ?

ಅಷ್ಟರಲ್ಲಿ ಅತ್ತೆಯ ಫೋನಿನಿಂದ ಕರೆ ಬಂತು. "ಅವ್ವ ಬೆವರಾಕತ್ತಾಳ" ಎಂದರು ನಮ್ಮವರು. "ಕೈ ನಡಗಾಕತ್ತಾವ. ಏನ್ ಮಾಡೂದು?"

ನಾನು ಬಾಯಿ ತೆರೆಯುವ ಮೊದಲೇ ಅವರ ಕೈಯಿಂದ ಅತ್ತೆ ಫೋನ್ ತೆಗೆದುಕೊಂಡರು. "ಏನವಾ, ಬುತ್ತಿ ಕಾಯಾಕ ನಿಂತಿಯೇನು? ನಾಯಿ ಬಂದೀತು, ನೋಡ್ಕೊ." ಮಾತು ತಮಾಷೆಯದೇ. ಆದರೆ ಒಂದೊಂದು ಶಬ್ದವೂ ನಿದ್ದೆಯಿಂದ ಎದ್ದು ಬಂದಂತೆ ತಡವಾಗಿ ಬರುತ್ತಿತ್ತು. ಫೋನಿನಲ್ಲಿ ಅವರ ಉಸಿರೂ ಕೇಳುತ್ತಿತ್ತು. ಬುತ್ತಿಯ ಗಂಟನ್ನು ನಾನು ಎದೆಗೆ ಒತ್ತಿಕೊಂಡಿದ್ದೆ.

ಆಗ ಗುಡ್ಡದ ತಿರುವಿನಿಂದ ಇಬ್ಬರಷ್ಟೇ ಕೂರುವ ಹಳದಿ ಬಣ್ಣದ ಸಣ್ಣ ದೋಣಿ, ಕಯಾಕ್ ಒಂದು ಬಂತು. ಅದರಲ್ಲಿ ಹುಟ್ಟು ಹಾಕುತ್ತ ಒಬ್ಬ ಹುಡುಗಿ, ಒಬ್ಬ ಹುಡುಗ. "ಎಕ್ಸ್‌ಕ್ಯೂಸ್ ಮೀ" ಎಂದೆ. ದನಿ ಏರಿಸಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದು ಇಷ್ಟು ವರ್ಷವಾದರೂ ಗಂಟಲಲ್ಲೇ ಕೂತಿತ್ತು. ಕೈ ಬೀಸಿದೆ. ಅವರೂ ನಗುತ್ತ ಕೈ ಬೀಸಿದರು. ನಾನು, ಮರ್ಯಾದೆಗೆಂಬಂತೆ, ಇನ್ನೊಮ್ಮೆ ಬೀಸಿದೆ. ಅವರು ಮುಂದೆ ಸಾಗಿದರು.

ಗಂಟನ್ನು ತಲೆಯ ಮೇಲೆ ಹಿಡಿದು ನೀರಿಗಿಳಿದೆ. ಸೀರೆ ಕಾಲಿಗೆ ಸುತ್ತಿಕೊಂಡು ಮುಗ್ಗರಿಸಿದ್ದು ನೋಡಿಯೇ ಇರಬೇಕು, ಅವರು ತಿರುಗಿ ಬಂದರು. ಸಕ್ಕರೆ, ಇಂಜೆಕ್ಷನ್, ಅತ್ತೆ, ಕಲ್ಲು ಎಂದು ತುಂಡು ತುಂಡಾಗಿ ಹೇಳಿದೆ. ಹುಡುಗಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು.

ಕಯಾಕ್ ಕಲ್ಲು ಮುಟ್ಟಿತು. ಕೆಂಪು ಬಟ್ಟೆ ಬಿಚ್ಚಿಕೊಂಡದ್ದು ಇಲ್ಲಿಂದಲೇ ಕಂಡಿತು. ಅತ್ತೆ ರೊಟ್ಟಿ ಮುರಿದರು. ಮುರಿದು, ಕೈಯನ್ನು ಆ ಹುಡುಗಿಯತ್ತ ಚಾಚಿದರು. ಅವಳು ಬೇಡವೆಂದು ತಲೆಯಾಡಿಸಿದಳು. ಚಾಚಿದ ಕೈ ಹಾಗೆಯೇ ಇತ್ತು, ಅವಳು ತೆಗೆದುಕೊಳ್ಳುವವರೆಗೂ. ಆಮೇಲೆ ಹುಡುಗನಿಗೆ. ಆಮೇಲೆ ಮಗನಿಗೆ. ಫೋನ್ ಹಚ್ಚಿದೆ, ಯಾರೂ ಎತ್ತಲಿಲ್ಲ. "ಮೊದಲ ನೀವು ತಿನ್ರಿ" ಎಂದು ನೀರಿಗೆ ಹೇಳುತ್ತ ನಿಂತೆ. ಕೊನೆಗೆ ಅತ್ತೆಯ ಕೈ ಅವರದೇ ಬಾಯಿಯತ್ತ ಹೋಯಿತು. ಆಮೇಲೂ ನಾನು ಕೂರಲಿಲ್ಲ.

ಸಂಜೆ ನೀರು ಇಳಿದು, ಇಬ್ಬರೂ ನಡೆದು ಬಂದರು. ನಮ್ಮವರು ಸಮುದ್ರದ ಕಡೆ ನೋಡದೆ ಚಪ್ಪಲಿ ಹಾಕಿಕೊಂಡರು.

"ನೀವು ಮೊದಲ ಉಣ್ಣಬೇಕಿತ್ತಲ್ರೀ ಅತ್ತಿ" ಎಂದೆ.

"ನೀರು ದಾಟಿ ಬಂದವ್ರು. ಅವರ ಮುಂದ ನಾ ಒಬ್ಬಾಕಿನ ಹೆಂಗ ಉಣ್ಲಿ?"

ಅತ್ತೆ ಗಂಟಿನಿಂದ ಒಂದು ರೊಟ್ಟಿ ತೆಗೆದರು. ಅಂಚು ನೆನೆದು ಮೆತ್ತಗಾಗಿತ್ತು. "ನಿನ್ನ ಪಾಲು. ಉಪ್ಪು ಹತ್ತೇತಿ, ಆದ್ರೂ ತಿನ್ನು."

ತೆಗೆದುಕೊಳ್ಳಲು ಹೋದೆ, ಬೆರಳು ನಿಲ್ಲಲಿಲ್ಲ. ಅತ್ತೆ ನನ್ನ ಮಣಿಕಟ್ಟು ಹಿಡಿದು ನೋಡಿದರು. "ನಿನಗೂ ಸಕ್ಕರಿ ಇಳದೈತೇನವಾ?" ಎಂದು ಕೇಳಿ, ತುತ್ತು ಮುರಿದು ತಾವೇ ನನ್ನ ಬಾಯಿಗಿಟ್ಟರು.