ದಕ್ಷಿಣಕ್ಕೆ ತಿರುಗಿದ ಪ್ಲೇಟು

ಮುಡಬಿ ದಾರಿಯ ನಮ್ಮ ಹೊಲದಲ್ಲಿ ಎರಡು ಮನೆ, ಹಿಂದೆ ಬಾವಿಯ ಹತ್ತಿರ ಎರಡು ದನದ ಕೊಟ್ಟಿಗೆ. ಬದುವಿನ ಈಚೆಯದು ನಮ್ಮದು, ಆಚೆಯದು ನನ್ನ ನೆಗೆಣ್ಣಿಯದು, ಅಂದರೆ ಮೈದುನನ ಹೆಂಡತಿಯದು. ಬೇರೆಯಾದಾಗ ಹೊಲ, ಎಮ್ಮೆ, ತಾಮ್ರದ ಹಂಡೆ ಎಲ್ಲ ಪಾಲಾದವು. ಅತ್ತೆ ನಮ್ಮ ಕಡೆ ಬಂದರು. ಅವರಿಗೆ ಬಿಸಿ ರೊಟ್ಟಿ ಹಾಕುವವಳು ನಾನು, ಮೊಣಕಾಲಿಗೆ ಎಣ್ಣೆ ತಿಕ್ಕುವವಳು ನಾನು. ಹಾಗಾಗಿ ಅತ್ತೆ ನನ್ನವರು ಎಂದೇ ತಿಳಿದಿದ್ದೆ.

ಕೊಟ್ಟಿಗೆಗಳ ತನಕ ಕರೆಂಟಿನ ಕಂಬ ಬಂದಿಲ್ಲ. ಹೋದ ವರ್ಷ ನೆಗೆಣ್ಣಿ ತನ್ನ ಕೊಟ್ಟಿಗೆಯ ಮೇಲೆ ಸೋಲಾರ್ ಪ್ಲೇಟು ಹಾಕಿಸಿ, ಒಳಗೆ ಬ್ಯಾಟರಿ ಇಟ್ಟು, ಬಲ್ಬು ತೂಗುಬಿಟ್ಟಳು. ಆ ಸಂಜೆ ಮೊಬೈಲಿನ ಬೆಳಕನ್ನು ಗೂಟಕ್ಕೆ ಒರಗಿಸಿ ಹಾಲು ಹಿಂಡುತ್ತಿದ್ದವಳು ತಲೆ ಎತ್ತಿದೆ. ಆಚೆ ಹಗಲಿನಂಥ ಬೆಳಕು. ಅದರಲ್ಲಿ ಅತ್ತೆ ಗೋಣಿಚೀಲದ ಮೇಲೆ ಕೂತು ಬಾಯ್ತುಂಬ ನಗುತ್ತಿದ್ದರು. ನನ್ನ ಮನೆಯಲ್ಲಿ ಅವರು ಹಾಗೆ ನಕ್ಕಿದ್ದನ್ನು ನಾನು ಕಂಡಿಲ್ಲ.

ಕಣ್ಣು ಮಂಜಲ್ಲವೇ, ಬೆಳಕಿಗೆ ಹೋಗುತ್ತಾರೆ ಎಂದುಕೊಂಡೆ. ನನ್ನಲ್ಲೂ ದೀಪ ಹತ್ತಿದರೆ ಇಲ್ಲೇ ಕೂಡುತ್ತಾರೆ. ಮನೆಯವರ ತಲೆ ತಿಂದು ಹುಮನಾಬಾದಿನಿಂದ ಅವಳದಕ್ಕಿಂತ ದೊಡ್ಡ ಪ್ಲೇಟು ತರಿಸಿದೆ. ಕೂಡಿಸಲು ಬಂದವನು ಅದನ್ನು ದಕ್ಷಿಣಕ್ಕೆ ವಾಲಿಸಿದ.

"ಏ ತಮ್ಮಾ, ದಕ್ಷಿಣಕ್ಕ ಮುಖ ಮಾಡಿ ಯಾರರ ದೀಪ ಇಡ್ತಾರೇನು? ಅದು ಯಮನ ದಿಕ್ಕು. ಪೂರ್ವಕ್ಕ ತಿರುಗಸು."

"ಅಕ್ಕಾರ, ಇದು ದೀಪ ಅಲ್ರಿ. ದಕ್ಷಿಣಕ್ಕ ಇದ್ರನ ದಿನಪೂರ್ತಿ ಬಿಸಲು ಸಿಗತದ್ರಿ."

"ದೀಪಕ್ಕ ಜೀವ ಈ ಪ್ಲೇಟಿನಿಂದನ ಬರತದಲ್ಲ? ಪೂರ್ವಕ್ಕ ಇಡು."

ನೆಗೆಣ್ಣಿಯ ಪ್ಲೇಟು ದಕ್ಷಿಣಕ್ಕೇ ವಾಲಿತ್ತು. ಆಚಾರವಿಲ್ಲದವಳು, ಅನುಭವಿಸಲಿ ಎಂದು ಒಳಗೊಳಗೇ ಖುಷಿಪಟ್ಟಿದ್ದೆ.

ಅನುಭವಿಸಿದವಳು ನಾನು. ಮಧ್ಯಾಹ್ನ ದಾಟಿದರೆ ನನ್ನ ಪ್ಲೇಟಿಗೆ ಬಿಸಿಲು ಸರಿಯಾಗಿ ತಾಗುತ್ತಿರಲಿಲ್ಲ. ಹಾಲು ಹಿಂಡಿ ಮುಗಿಯುವ ಮೊದಲೇ ಬಲ್ಬು ಮಂಕು. ಆಚೆ ಅವಳದು ಝಗಝಗ. ಬ್ಯಾಟರಿ ಖೋಟಾ ಎಂದೆ, ವೈರು ಸರಿಯಿಲ್ಲ ಎಂದೆ, ನೆರಳು ಬೀಳುತ್ತದೆಂದು ಹುಣಸೆಯ ಟೊಂಗೆ ಕಡಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. "ನಿನ್ನ ಹೊಟ್ಟಿಕಿಚ್ಚಿಗಿ ಒಂದು ವೈರು ಹಚ್ಚಿದ್ರ ಇಡೀ ಬಸವಕಲ್ಯಾಣಕ್ಕ ಕರೆಂಟ್ ಆಗತದ ನೋಡು" ಎಂದು ಮನೆಯವರು ನಗುತ್ತಿದ್ದರು. ಅತ್ತೆ ದಿನಾ ಬದು ದಾಟುತ್ತಿದ್ದರು.

ಕಡೆಗೊಮ್ಮೆ, ಯಮ ಬಂದರೆ ಬರಲಿ ಎಂದು ಪ್ಲೇಟನ್ನು ದಕ್ಷಿಣಕ್ಕೆ ತಿರುಗಿಸಿದೆ. ಮರುದಿನ ಸಂಜೆ ಎಮ್ಮೆಯ ಮೈಮೇಲಿನ ಉಣ್ಣಿ ಎಣಿಸುವಷ್ಟು ಬೆಳಕು. ಹೊಸ ಕೌದಿ ಹಾಸಿ, ಆಚೆಯವಳಿಗೆ ಕಾಣಲಿ ಎಂದು ಬಾಗಿಲ ಎದುರಿಗೇ ಅತ್ತೆಯನ್ನು ಕೂರಿಸಿದೆ. ಗೆದ್ದೆ ಎನಿಸಿತು. ಹಾಲು ಹಿಂಡಿದೆ, ಸೆಗಣಿ ಬಳಿದೆ, ಮೇವು ಹಾಕಿದೆ. ತುಸು ಹೊತ್ತಿಗೆ ಅತ್ತೆ ಕೋಲು ತಡಕಿದರು.

"ಯಾಕ್ರಿ ಅತ್ತಿ, ಬೆಳಕ ಸಾಲವಲ್ದೇನ್ರಿ?"

"ಬೆಳಕ ತೊಗೊಂಡು ನಾ ಏನ ಮಾಡ್ಲವ್ವಾ? ಅಕಿ ದೀಪ ಹಚ್ಚೂಕಿಂತ ಮೊದಲೂ ದಿನಾ ಹೋಗತಿದ್ದೆ, ಕತ್ತಲಾಗ ನಿನಗ ಕಂಡಿಲ್ಲ. ಅಕಿ ನನ್ನ ಕೂಡ ಮಾತಾಡ್ತಾಳ."

ಏನಾದರೂ ಮಾತಾಡಬೇಕೆಂದು ಬಾಯಿ ತೆರೆದೆ. ಬಾಯಿಗೆ ಬಂದದ್ದು "ಊಟಕ್ಕ ಏನ ಮಾಡ್ಲಿರಿ?" ಅಷ್ಟೇ. "ಏನರ ಮಾಡವ್ವಾ" ಎಂದು ಅತ್ತೆ ಎದ್ದರು.

ಬದುವಿನ ಹತ್ತಿರ ಕತ್ತಲು. ಬೀಳಬಾರದೆಂದು ನಾನೇ ಕೈ ಹಿಡಿದು ದಾಟಿಸಿದೆ. "ಬರ್ರಿ ಅತ್ತಿ, ಇವತ್ತ ಯಾಕ ತಡ ಆತು?" ಎನ್ನುತ್ತ ನೆಗೆಣ್ಣಿ ಬಂದು ಅವರ ಇನ್ನೊಂದು ಕೈ ಹಿಡಿದಳು. ನನಗೆ ಕೈ ಬಿಡಲು ಮನಸ್ಸಾಗಲಿಲ್ಲ. ಅತ್ತೆಯೇ ಬಿಡಿಸಿಕೊಂಡರು.