ಅರ್ಧ ಸ್ವರ ಕೆಳಗೆ

ನಮ್ಮ ಮನೆಯಲ್ಲಿ ಬೆಳಗ್ಗೆ ಕುಕ್ಕರಿನ ಸೀಟಿಗಿಂತ ಮೊದಲು ಜರ್ಮನ್ ಭಾಷೆಯ ಭಕ್ತಿಗೀತೆ ಕೇಳಿಸುತ್ತದೆ. ಆ ಭಾಷೆ ನನಗೂ ಬಾರದು, ಇಳಕಲ್ ಸೀರೆ ಮಾರುವ ನನ್ನ ಗಂಡನಿಗೂ ಬಾರದು. ಕೆಳಗಿನ ಮನೆಯವರು ನಾವು ಮತ ಬದಲಿಸಿದೆವೆಂದೇ ತಿಳಿದಿದ್ದರು. ಆಮೇಲೆ ಲಿಫ್ಟಿನಲ್ಲಿ ನನ್ನ ಹಣೆಯ ವಿಭೂತಿ ನೋಡಿ ಗೊಂದಲಕ್ಕೆ ಬಿದ್ದರು. ಬಾಯಿಬಿಟ್ಟು ಕೇಳಲು ಅವರಿಗೆ ಸಂಕೋಚ, ಕೇಳದೆ ಇರಲು ಸಂಕಟ. ಅವರ ಸಲುವಾಗಿಯಾದರೂ ಇದನ್ನು ಒಮ್ಮೆ ಬಿಡಿಸಿ ಹೇಳಬೇಕಾಗಿದೆ.

ಬಾಗಲಕೋಟೆ ಕಡೆಯಿಂದ ಮದುವೆಯಾಗಿ ಸಿಕಂದರಾಬಾದಿಗೆ ಬಂದವಳು ನಾನು. ಇಲ್ಲಿ ನಮ್ಮ ಕಡೆಯ ಹೆಂಗಸರು ಸೋಮವಾರ ಸಂಜೆ ಸೇರಿ ವಚನ ಹಾಡುವ ಒಂದು ಬಳಗವಿದೆ. ಮುಂದೆ ಕೂತು ಎತ್ತಿಕೊಡುವವಳು ನಾನೇ ಆಗಿದ್ದೆ. ದೊಡ್ಡ ಗಾಯಕಿಯೇನಲ್ಲ. ಆದರೆ ದನಿ ಸಲೀಸಾಗಿ ಮೇಲಕ್ಕೆ ಏರುತ್ತಿತ್ತು. ಮೇಲಕ್ಕೆ ಏರುವುದೇ ಸಂಗೀತವೆಂದು ಬಳಗ ನಂಬಿತ್ತು, ನಾನೂ ನಂಬಿದ್ದೆ.

ಒಂದು ವರ್ಷ ಕೊರಳಿನಲ್ಲಿ ಗಂಟು ಕಾಣಿಸಿಕೊಂಡು ಥೈರಾಯ್ಡ್ ಶಸ್ತ್ರಚಿಕಿತ್ಸೆ ಆಯಿತು. ಗಂಟು ಕೆಟ್ಟದ್ದಲ್ಲವೆಂದು ಗೊತ್ತಾದಾಗ ಮನೆಯವರಿಗೆಲ್ಲ ನೆಮ್ಮದಿಯಾಯಿತು. ದನಿ ಕೆಲವು ತಿಂಗಳು ಹೋಗುತ್ತದೆ, ಮತ್ತೆ ಬರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವರ ಮಾತು ಸುಳ್ಳಾಗಲಿಲ್ಲ, ದನಿ ಬಂತು. ಬಂದದ್ದು ಮಾತ್ರ ಬೇರೆ ಯಾರದೋ. ಊರಿನಿಂದ ಫೋನ್ ಮಾಡಿದ ತಂಗಿ ನಾನು ಹಲೋ ಎಂದ ಕೂಡಲೇ, ಮಾಮಾರ, ಅಕ್ಕಗ ಕೊಡ್ರಿ ಎಂದಳು.

ಬಳಗಕ್ಕೆ ಮರಳಿದ ಸೋಮವಾರ ವಚನ ಎತ್ತಿಕೊಂಡೆ. ಎರಡನೆಯ ಸಾಲಿಗೆ ದನಿ ಒಡೆಯಿತು. ಮತ್ತೆ ಎತ್ತಿಕೊಂಡೆ, ಅಲ್ಲೇ ಒಡೆಯಿತು. ಹಾರ್ಮೋನಿಯಂ ನುಡಿಸುವ ಕಾಶವ್ವ ಗಾಳಿ ಒತ್ತುವುದನ್ನು ನಿಲ್ಲಿಸಿ, ಮೆಲ್ಲಗೆ ನನ್ನ ಮುಂದೆ ತಾಳ ಸರಿಸಿದರು. “ನೀವು ತಾಳ ಹಾಕ್ರಿ ಅಕ್ಕಾರ, ಹಾಡೋದು ನಾವು ನೋಡ್ಕೋತೀವಿ” ಎಂದರು. ಅವರ ಮಾತಿನಲ್ಲಿ ಎಳ್ಳಷ್ಟೂ ಕುಹಕವಿರಲಿಲ್ಲ. ತೊಂದರೆಯಾದದ್ದು ಅದರಿಂದಲೇ. ಕುಹಕಕ್ಕಾದರೆ ತಿರುಗಿ ಅನ್ನಬಹುದು; ಕರುಣೆಗೆ ಸುಮ್ಮನೆ ತಾಳ ಹಾಕಬೇಕಾಗುತ್ತದೆ. ಹಾಕಿದೆ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನಮ್ಮ ಎದುರು ಮನೆಯ ಸುಗುಣಮ್ಮ ನಿವೃತ್ತ ನರ್ಸು. ಸಿಕಂದರಾಬಾದಿನ ಒಂದು ಹಳೆಯ ಚರ್ಚಿನ ಗಾಯನ ತಂಡದಲ್ಲಿ ಪ್ರಾಯದಿಂದಲೂ ಹಾಡುತ್ತ ಬಂದವರು. ರೋಗಿಯ ಮನಸ್ಸು ತಿಳಿಯುವುದು ಅವರಿಗೆ ರೂಢಿ. ಸುಮ್ಮನೆ ಕೂತಿರುವಾಗ ಕೇಳಿ ಎಂದು ತಮ್ಮ ಅಣ್ಣನ ಹಳೆಯ ಸಿ.ಡಿ.ಗಳನ್ನು ತಂದುಕೊಟ್ಟರು. ಮುನ್ನೂರು ವರ್ಷದ ಹಿಂದಿನ ಯುರೋಪಿನ ಸಂಗೀತ. ಬರೋಕ್ ಎಂದು ಅದಕ್ಕೆ ಹೆಸರು.

ಮೊದಲ ಸಲ ಕೇಳಿದಾಗ ಎಣ್ಣೆ ಕಾಣದ ಬಾಗಿಲನ್ನು ಯಾರೋ ತೆರೆಯುತ್ತಿದ್ದಾರೆ ಅನ್ನಿಸಿತು. ಸಿ.ಡಿ. ಕೆಟ್ಟಿದೆಯೇ ಎಂದು ಕೇಳಿದೆ. ಸುಗುಣಮ್ಮ ನಕ್ಕು ವಿವರಿಸಿದರು. ಇವರು ಆ ಕಾಲದ ವಾದ್ಯಗಳನ್ನೇ ಹುಡುಕಿ, ಇಲ್ಲವೇ ಅವುಗಳ ಅಳತೆಗೆ ಹೊಸದಾಗಿ ಮಾಡಿಸಿ ನುಡಿಸುವವರಂತೆ. ಪಿಟೀಲಿಗೆ ಉಕ್ಕಿನ ತಂತಿಯಿಲ್ಲ, ಕುರಿಯ ಕರುಳಿನ ತಂತಿ. ಹವೆ ಸ್ವಲ್ಪ ಬದಲಾದರೂ ಅದು ಮುನಿಸಿಕೊಳ್ಳುತ್ತದೆ. ಕೊಳಲು ಮರದ್ದು. ತುತ್ತೂರಿಗೆ ಒತ್ತುವ ಕೀಲಿಗಳಿಲ್ಲ, ತುಟಿಯ ಬಲದಿಂದಲೇ ಸ್ವರ ಹುಡುಕಬೇಕು. ಒಮ್ಮೊಮ್ಮೆ ಹುಡುಕಿದ್ದು ಸಿಗುವುದಿಲ್ಲ. ನುಣುಪಾದ, ಗಟ್ಟಿಯಾದ ವಾದ್ಯಗಳು ಅಂಗಡಿಯಲ್ಲಿ ಸಾಲಾಗಿ ಸಿಗುವಾಗ ಇವರಿಗೇಕೆ ಈ ಉಸಾಬರಿ? ಸೇತುವೆ ಕಟ್ಟಿದ ಮೇಲೂ ಹೊಳೆಯಲ್ಲಿ ಇಳಿದೇ ದಾಟುವ ಹಟಮಾರಿಗಳು. ಹಟಮಾರಿಗಳನ್ನು ಕಂಡರೆ ನನಗೆ ಚಿಕ್ಕಂದಿನಿಂದ ಅಕ್ಕರೆ. ಹಾಗಾಗಿ ಇನ್ನೊಮ್ಮೆ ಕೇಳಿದೆ, ಮತ್ತೊಮ್ಮೆ ಕೇಳಿದೆ. ಕಮಾನು ತಂತಿಗೆ ತಾಗುವ ಗೀರು, ಕೊಳಲಿನವನು ಉಸಿರೆಳೆದುಕೊಳ್ಳುವುದು ಎಲ್ಲ ಕೇಳಿಸತೊಡಗಿತು. ಆಮೇಲೆ ಅವಿಲ್ಲದ ಸಂಗೀತ ಸಪ್ಪೆಯಾಯಿತು.

ಬರೋಕ್ ಎಂದರೆ ಪೋರ್ಚುಗೀಸರ ಮಾತಿನಲ್ಲಿ ಸೊಟ್ಟ ಮುತ್ತು ಎಂದು ಹೇಳುವವರಿದ್ದಾರೆ. ಮುತ್ತಿನ ವಿಷಯದಲ್ಲಿ ಹೈದರಾಬಾದಿನವರು ಪೋರ್ಚುಗೀಸರನ್ನು ನಂಬಬೇಕಾಗಿಲ್ಲ. ಚಾರ್ಮಿನಾರಿನ ಹತ್ತಿರ ನನ್ನ ಗಂಡನ ಪರಿಚಯದ ಮುತ್ತಿನ ವ್ಯಾಪಾರಿಯೊಬ್ಬರಿದ್ದಾರೆ. ಅವರನ್ನೇ ಕೇಳಿದೆ. ಅಂಥವೂ ಬರುತ್ತವೆ, ಒಂದರಂತೆ ಒಂದಿರುವುದಿಲ್ಲ, ಸರಕ್ಕೆ ಪೋಣಿಸಲು ಬರುವುದಿಲ್ಲ, ಆದರೆ ಅವನ್ನೇ ಕೇಳಿಕೊಂಡು ಬರುವವರೂ ಇದ್ದಾರೆ ಎಂದರು. ಎಂಥವರು ಬರುತ್ತಾರೆ ಎಂದು ಕೇಳಬೇಕೆನ್ನಿಸಿತು. ಗಂಡ ಗಡಿಯಾರ ನೋಡುತ್ತಿದ್ದರು, ಬಿಟ್ಟೆ.

ಆ ಸಿ.ಡಿ.ಗಳಲ್ಲಿ ಒಂದು ಜರ್ಮನ್ ಭಕ್ತಿಗೀತೆ ಇತ್ತು. ನಾಲ್ಕು ಗುಂಪುಗಳು ಸೇರಿ ಹಾಡುವಂಥದ್ದು. ಮೇಲಿನ ಗುಂಪಿನ ದನಿಯ ಕೆಳಗೆ ಇನ್ನೊಂದು ದನಿ ತಣ್ಣಗೆ, ಮಂದವಾಗಿ ನಡೆಯುತ್ತದೆ. ಒಂದು ಬೆಳಗ್ಗೆ ಚಪಾತಿ ಲಟ್ಟಿಸುತ್ತ ಆ ದನಿಯ ಹಿಂದೆ ಗುನುಗುತ್ತಿದ್ದೆ. ಗೀತೆ ಮುಗಿದ ಮೇಲೆ ಗಮನಕ್ಕೆ ಬಂತು, ನನ್ನ ದನಿ ಎಲ್ಲಿಯೂ ಒಡೆದಿರಲಿಲ್ಲ. ಒಲೆ ಆರಿಸಿ, ಸಿ.ಡಿ.ಯನ್ನು ಮೊದಲಿನಿಂದ ಹಾಕಿ, ನಿಂತುಕೊಂಡು ಹಾಡಿದೆ. ಒಡೆಯಲಿಲ್ಲ. ಅಂದಿನಿಂದ ದಿನವೂ ಅದೇ. ಅರ್ಥವನ್ನು ಸುಗುಣಮ್ಮ ಹೇಳಿಕೊಟ್ಟರು, ಉಚ್ಚಾರವನ್ನು ಕಿವಿಯಿಂದಲೇ ಕಲಿತೆ. ಅದೇ ಗೀತೆಯನ್ನು ತಮ್ಮ ತಂಡ ಗುಡ್ ಫ್ರೈಡೇ ದಿನ ಹಾಡಲಿದೆ ಎಂದು ಸುಗುಣಮ್ಮ ಹೇಳಿದಾಗ, ನಾನೂ ಬರುತ್ತೇನೆ ಎಂದುಬಿಟ್ಟೆ.

“ಲಿಂಗಾ ಕಟ್ಟಿಕೊಂಡು ಚರ್ಚಿನ್ಯಾಗ ಹಾಡಾಕ ಹೊಂಟೀಯಲ್ಲ, ಇಬ್ಬರು ದೇವರೂ ಭಾಳ ಗಾಬರಿ ಆಗ್ತಾರ” ಎಂದರು ನನ್ನ ಗಂಡ. ಅವರವರ ಗಾಬರಿ ಅವರವರು ನೋಡಿಕೊಳ್ಳಲಿ ಎಂದೆ. ಅವರು ಸ್ಕೂಟರಿನ ಕೀಲಿ ತೆಗೆದುಕೊಂಡರು. ವಾದ ಮುಗಿಯಿತು ಎಂಬುದನ್ನು ಅವರು ಹೇಳುವ ರೀತಿ ಅದು.

ತಂಡವನ್ನು ನಡೆಸುವವರು ಪ್ರಭುದಾಸ್ ಸರ್, ರೈಲ್ವೆಯಿಂದ ನಿವೃತ್ತರಾದವರು. ಚರ್ಚಿನ ದೊಡ್ಡ ಆರ್ಗನ್ ನುಡಿಸುವವರೂ ಅವರೇ. ನಂಬಿಕೆ ದೇವರಿಗೆ ಬಿಟ್ಟದ್ದು, ಶ್ರುತಿ ಮಾತ್ರ ನನ್ನದು ಎಂದು ಹೇಳಿ ಒಳಗೆ ಕರೆದುಕೊಂಡರು. ಆರ್ಗನ್ ಎದ್ದಿತು, ಎಲ್ಲರೂ ಎತ್ತಿಕೊಂಡರು, ನಾನೂ ಧೈರ್ಯವಾಗಿ ಎತ್ತಿಕೊಂಡೆ. ಮರುಕ್ಷಣ ಎಲ್ಲರೂ ನಿಂತು ನನ್ನನ್ನು ನೋಡಿದರು. ನಾನು ಸರಿಯಾಗಿ ಅರ್ಧ ಸ್ವರ ಕೆಳಗಿದ್ದೆ. ಮತ್ತೆ ಹಾಡಿಸಿದರು. ಮತ್ತೆ ಅರ್ಧ ಸ್ವರ ಕೆಳಗೆ.

ಕಾರಣ ಪ್ರಭುದಾಸ್ ಸರ್‌ಗೇ ಹೊಳೆಯಿತು. ಯಾವ ಸಿ.ಡಿ. ಕೇಳಿ ಕಲಿತೆ ಎಂದು ವಿಚಾರಿಸಿ ಹಣೆ ಚಚ್ಚಿಕೊಂಡರು. ಹಳೆಯ ವಾದ್ಯದವರು ಹಳೆಯ ಕಾಲದ ಶ್ರುತಿಯನ್ನೇ ಹಿಡಿಯುತ್ತಾರೆ, ಅದು ಈಗಿನದಕ್ಕಿಂತ ಸುಮಾರು ಅರ್ಧ ಸ್ವರ ಕೆಳಗೆ. ಆರ್ಗನ್ ಈಗಿನದು. ಆ ಸಿ.ಡಿ. ಮರೆತು ಹೊಸದಾಗಿ ಕಲಿಯಿರಿ ಎಂದರು.

ಕಲಿತೆ. ಸುಗುಣಮ್ಮನ ಮನೆಯ ಪುಟ್ಟ ಕೀಬೋರ್ಡಿನ ಮುಂದೆ ಕೂತು, ಕಿವಿಯಲ್ಲಿ ಕೂತಿದ್ದ ಶ್ರುತಿಯನ್ನು ಕಿತ್ತು ಮೇಲಿಟ್ಟುಕೊಂಡೆ. ಮಾವಿನಕಾಯಿ ಬರುವ ಹೊತ್ತಿಗೆ ಒಂದು ಜಾಗ ಬಿಟ್ಟು ಉಳಿದದ್ದೆಲ್ಲ ಸರಿಯಾಯಿತು. ಆ ಜಾಗದಲ್ಲಿ ಗೀತೆ ಮೇಲೇರುತ್ತದೆ. ಕೆಳಗಿನ ಶ್ರುತಿಯಲ್ಲಿ ಮುಟ್ಟುತ್ತಿದ್ದ ಸ್ವರ ಈಗ ಬೆರಳ ತುದಿಯಿಂದ ಜಾರುತ್ತಿತ್ತು. ದನಿ ಅಲ್ಲೇ ಒಡೆಯುತ್ತಿತ್ತು, ಬಳಗದಲ್ಲಿ ಒಡೆದ ಹಾಗೆಯೇ.

ಪ್ರಭುದಾಸ್ ಸರ್ ಒಳ್ಳೆಯ ಮನುಷ್ಯ. ನನ್ನನ್ನು ಪಕ್ಕಕ್ಕೆ ಕರೆದು, ಆ ಒಂದು ಸ್ವರ ಬಂದಾಗ ಬಾಯಿ ಮಾತ್ರ ಆಡಿಸಿ, ಯಾರಿಗೂ ತಿಳಿಯುವುದಿಲ್ಲ ಎಂದು ತೆಲುಗಿನಲ್ಲಿ ಹೇಳಿದರು. ನನಗೆ ತೆಲುಗು ಚೆನ್ನಾಗಿಯೇ ಬರುತ್ತದೆ. ಆದರೆ ಆ ಹೊತ್ತಿಗೆ ಬಂದದ್ದು ಕನ್ನಡ.

“ಬಾಯಿ ಆಡಸಾಕ ನಾ ಬಂದಿಲ್ರಿ. ಹಾಡಾಕ ಬಂದೀನಿ.”

ಅವರಿಗೆ ಕನ್ನಡ ತಿಳಿಯದು. ಆದರೆ ನಮ್ಮ ‘ಹಾಡು’ ಎಂಬ ಮಾತು ಹಳಗನ್ನಡದಲ್ಲಿ ‘ಪಾಡು’ ಆಗಿತ್ತು, ತೆಲುಗರಲ್ಲಿ ಇಂದಿಗೂ ‘ಪಾಟ’. ಅಷ್ಟು ಹತ್ತಿರದ ಮಾತು ತಿಳಿಯದೆ ಇರುತ್ತದೆಯೇ? ಮತ್ತೇನು ಮಾಡಬೇಕು ಎಂದು ಕೇಳಿದರು. ಶ್ರುತಿ ಇಳಿಸಿರಿ, ಬರೆದವರ ಕಾಲದಲ್ಲಿ ಅದು ಇದ್ದದ್ದೇ ಅಷ್ಟು ಕೆಳಗೆ ತಾನೆ ಎಂದು ಈ ಸಲ ತೆಲುಗಿನಲ್ಲೇ ಹೇಳಿದೆ. ಆರ್ಗನ್ನಿನ ಕೊಳವೆಗಳು ಗೋಡೆಯಷ್ಟು ಎತ್ತರ, ಅವು ಯಾರ ಸಲುವಾಗಿಯೂ ಇಳಿಯುವುದಿಲ್ಲ ಎಂದರು. ಹಾಗಾದರೆ ಕೀಬೋರ್ಡ್ ಇಡೋಣ, ಅದರಲ್ಲಿ ಶ್ರುತಿ ಇಳಿಸುವ ಗುಂಡಿ ಇದೆ ಎಂದೆ. ಅವರ ಮುಖ ಸಣ್ಣದಾಯಿತು. ಆರ್ಗನ್ನಿನ ಬದಲು ಕೀಬೋರ್ಡ್ ಎನ್ನುವುದು ಅವರ ಪಾಲಿಗೆ ಆನೆಯನ್ನು ಮನೆಗೆ ಕಳಿಸಿ ಮೆರವಣಿಗೆ ಮಾಡಿದಂತೆ.

ಆಗ ಮೇಲಿನ ದನಿಯ ಸಾಲಿನಿಂದ ಗ್ರೇಸಮ್ಮ ಮುಂದೆ ಬಂದರು. ತಂಡದಲ್ಲಿ ಎಲ್ಲರಿಗಿಂತ ಹಿರಿಯರು. ಒಮ್ಮೆ ಇಳಿಸಿ ನೋಡೋಣ ಎಂದಷ್ಟೇ ಹೇಳಿದರು. ಕೀಬೋರ್ಡ್ ಬಂತು, ಅರ್ಧ ಸ್ವರ ಇಳಿಯಿತು, ಹಾಡಿದೆವು. ಮೇಲಿನ ಸ್ವರ ಬಂದಾಗ ನಾನೊಬ್ಬಳೇ ಅಲ್ಲ, ಮೇಲಿನ ದನಿಯ ಇಡೀ ಸಾಲೂ ಹಗುರಾಗಿ ದಾಟಿತು. ಮುಗಿದ ಮೇಲೆ ಗ್ರೇಸಮ್ಮ, ಎಷ್ಟೋ ವರ್ಷದಿಂದ ತಾವು ಅಲ್ಲಿ ಬಾಯಿ ಮಾತ್ರ ಆಡಿಸುತ್ತ ಬಂದಿರುವುದಾಗಿ ಹೇಳಿದರು. ಪಕ್ಕದವರೂ ತಲೆ ತಗ್ಗಿಸಿದರು. ಸುಗುಣಮ್ಮನೂ.

ಪ್ರಭುದಾಸ್ ಸರ್ ಆರ್ಗನ್ನಿನ ಮುಚ್ಚಳ ಹಾಕಿ ಬಂದು ನಮ್ಮ ಮುಂದೆ ನಿಂತರು. ಗುಡ್ ಫ್ರೈಡೇ ದಿನ ಆ ಒಂದು ಗೀತೆಗೆ ಅವರು ಕೈಯಾಡಿಸಿ ತಾಳ ಕೊಟ್ಟರು, ಕೀಬೋರ್ಡನ್ನು ಬೇರೆಯವರು ನುಡಿಸಿದರು. ಅವರ ಬೆರಳುಗಳಿಗೆ ಆ ಹೊತ್ತು ಏನನ್ನಿಸಿತೋ, ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಆ ಸ್ವರ ಬಂತು. ನನ್ನ ದನಿಯಲ್ಲಿ ಒಂದು ಗೀರು ಇತ್ತು, ಇದ್ದುಕೊಂಡೇ ದಾಟಿತು. ಹಿಂದಿನ ಬೆಂಚಿನಲ್ಲಿ ನನ್ನ ಗಂಡ ಕೂತಿದ್ದರು. ಚಲೋ ಆತು, ಆದ್ರ ಚಪ್ಪಾಳೆ ಹೊಡಿಯೋ ಹಂಗಿಲ್ಲಂತಲ್ಲ ಎಂದು ದಾರಿಯುದ್ದಕ್ಕೂ ಸಂಕಟಪಟ್ಟರು.

ಸ್ಕೂಟರಿನ ಹಿಂದೆ ಕೂತು ನಾನು ಯೋಚಿಸುತ್ತಿದ್ದದ್ದು ಬೇರೆ. ನಮ್ಮ ಸಂಗೀತದಲ್ಲಿ ಶ್ರುತಿ ಹಾಡುವವರದ್ದು. ಹಾರ್ಮೋನಿಯಮ್ಮಿನ ಯಾವ ಮನೆಯಲ್ಲಿ, ಅಂದರೆ ಯಾವ ಪಟ್ಟಿಯಲ್ಲಿ ಕೂತರೆ ಅದೇ ಷಡ್ಜ, ಅದೇ ಸಾ. ಇದು ನನಗೆ ಹುಟ್ಟಿನಿಂದ ಗೊತ್ತಿತ್ತು. ಆದರೂ ಬಳಗದಲ್ಲಿ ಶ್ರುತಿ ಇಳಿಸಿರಿ ಎಂಬ ಒಂದು ಮಾತು ಆಡದೆ ಹಿಂದೆ ಸರಿದು ಕೂತಿದ್ದೆ. ಆಡಬೇಕೆಂದು ತಿಳಿಯಲು ಜರ್ಮನಿಯವರೆಗೆ ಹೋಗಿ ಬರಬೇಕಾಯಿತು.

ಮುಂದಿನ ಸೋಮವಾರ ನನ್ನ ಹಳೆಯ ಜಾಗದಲ್ಲಿ ಹೋಗಿ ಕೂತು, ಕಾಶವ್ವನವರ, ಸ್ವಲ್ಪ ಕೆಳಗಿನ ಮನಿಯಿಂದ ಹಿಡೀರಿ ಎಂದೆ. ಅವರು ಹಾರ್ಮೋನಿಯಮ್ಮಿನ ಮೇಲಿಂದ ನನ್ನತ್ತ ಬಾಗಿದರು. ನನಗಷ್ಟೇ ಕೇಳುವಂತೆ, “ನನಗ ಈ ಒಂದು ಮನಿಯಿಂದಷ್ಟ ಬಾರಸಾಕ ಬರತೈತ್ರಿ” ಎಂದರು.

ಈಗ ಅವರು ಕಲಿಯುತ್ತಿದ್ದಾರೆ. ಬೆರಳು ತಪ್ಪುತ್ತದೆ, ನಿಲ್ಲುತ್ತಾರೆ, ಮತ್ತೆ ಹುಡುಕುತ್ತಾರೆ. ಕಳೆದ ಸೋಮವಾರ ಮೊದಲ ವಚನ ಮುಗಿಯುವ ಹೊತ್ತಿಗೆ ಚಹಾ ಆರಿ ಕೆನೆಗಟ್ಟಿತ್ತು. ಯಾರೂ ಎದ್ದು ಹೋಗಲಿಲ್ಲ.