ಖಾತುನಬಿಯ ತುಟಿಯೊಳಗಿನ ಗಂಟು

ಅಂತೂರ ಬೆಂತೂರದಲ್ಲಿ ಖಾತುನಬಿ ಹೊಲಿದ ಕೌದಿ ಇಲ್ಲದ ತೊಟ್ಟಿಲು ಕಡಿಮೆ. ಹಳೆಯ ಸೀರೆ, ಧೋತರದ ತುಂಡುಗಳನ್ನು ಒಂದರ ಮೇಲೊಂದು ಹಾಸಿ ಹೊಲಿಯುತ್ತಿದ್ದಳು. ಹೊಲಿಗೆ ಮುಗಿದ ದಾರಕ್ಕೆ ಕತ್ತರಿ ತಾಗಿಸಿದರೆ ಮನೆತನ ಒಡೆಯುತ್ತದೆ ಎಂದು ಅವಳ ತಾಯಿ ಕಲಿಸಿದ್ದಳು. ಹಾಗಾಗಿ ನಲವತ್ತು ವರ್ಷ ದಾರವನ್ನು ಹಲ್ಲಿನಿಂದಲೇ ಕಡಿದಳು. ಪಕ್ಕದ ಮನೆಯವಳಾದ ನಾನು ಕತ್ತರಿ ಕೊಡಹೋಗಿ ಬೈಸಿಕೊಂಡಿದ್ದೇನೆ.

ಗದಗ ಜಿಲ್ಲೆಯಾದ ವರ್ಷ ಅವಳ ಗಂಡ ಗುಡುಸಾಬ ಬಾಯಿ ಕ್ಯಾನ್ಸರಿನಿಂದ ತೀರಿಕೊಂಡ. ತಂಬಾಕಿನ ಬಾಯಿ, ಕೆನ್ನೆಯೊಳಗೆ ಒಂದು ಗಂಟಿನಿಂದ ಶುರುವಾಗಿತ್ತು. ಕೊನೆಯವರೆಗೂ ಅವನ ಗಂಗಾಳದಲ್ಲಿ ಉಳಿದದ್ದನ್ನೇ ಅವಳು ಉಂಡಳು. ಎರಡು ವರ್ಷದ ನಂತರ ಅವಳ ಕೆಳತುಟಿಯ ಒಳಗೂ ಕಡಲೆಕಾಳಿನಷ್ಟು ಗಂಟು ಎದ್ದಿತು. ಆ ಗಂಗಾಳದಿಂದಲೇ ಬಂತೆಂದು ತಾನೇ ತೀರ್ಮಾನಿಸಿ, ಯಾರಿಗೂ ಹೇಳದೆ ಉಳಿದಳು.

ಅದೇ ಊರಿಗೆ ಕೊಟ್ಟಿದ್ದ ಮಗಳು ಜಾಸ್ಮಿನಳಿಗೆ ಅಮೀರಾ ಹುಟ್ಟಿದಳು. ಖಾತುನಬಿ ಕೂಸನ್ನು ಎತ್ತಿದಳು, ನೀರೆರೆದಳು, ಆದರೆ ಒಮ್ಮೆಯೂ ಮುತ್ತಿಡಲಿಲ್ಲ. ತನ್ನ ಲೋಟ, ಗಂಗಾಳ ಬೇರೆ ಇಟ್ಟಳು. ಮುದುಕಿಗೆ ಮಡಿ ಹತ್ತಿದೆ ಎಂದು ಓಣಿಯವರು ನಕ್ಕರು, ನಾನೂ ನಕ್ಕೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅಮೀರಾಗೆ ನಾಲ್ಕು ತುಂಬಿದಾಗ ಒಂದು ದಿನ ಒಣಗಿ ಗಟ್ಟಿಯಾದ ಕಟಕು ರೊಟ್ಟಿ ತಾಗಿ ಗಂಟಿನಿಂದ ರಕ್ತ ಬಂತು. ಜಾಸ್ಮಿನ ಅದನ್ನು ಕಂಡು, ಅತ್ತು, ಜಗಳವಾಡಿ ತಾಯಿಯನ್ನು ಗದಗಿನ ಬಸ್ ಹತ್ತಿಸಿದಳು. ನಾನೂ ಹೋದೆ.

ಹಲ್ಲಿನ ಡಾಕ್ಟರು ಗಂಟನ್ನು ಒತ್ತಿ ನೋಡಿದರು. "ನೋವು ಐತೇನ್ರಿ?"

"ಇಲ್ರಿ. ಕಡ್ಲಿಯಷ್ಟಿದ್ದದ್ದು ಶೇಂಗಾ ಕಾಳಿನಷ್ಟಾಗೈತಿ, ಅಷ್ಟ."

"ಹಲ್ಲಿಲೆ ಏನರ ಕಡಿಯೂ ರೂಢಿ ಐತೇನು?"

ದಾರದ ವಿಷಯ ನಾನೇ ಹೇಳಿದೆ.

"ದಾರ ಒಂದ ಜಾಗಾ ತಿಕ್ಕಿ ತಿಕ್ಕಿ ಬೆಳದ ಗಂಟು ಇರಬೇಕು. ಬಾಯಾಗಿನ ಗಂಟು ಅಂತ ಬರವ್ರಾಗ ಇಂಥಾವ ಭಾಳ. ಆದ್ರ ತಗದು ಪರೀಕ್ಷಾ ಮಾಡಿಸದನ ಖಾತ್ರಿ ಹೇಳಾಕ ಬರೂದಿಲ್ರಿ."

ತುಟಿಗೆ ಜೋಮು ಹಿಡಿಸಿ ತೆಗೆದರು. ವಾರದ ನಂತರ ಮತ್ತೆ ಹೋದಾಗ ವರದಿ ಬಂದಿತ್ತು: ಕ್ಯಾನ್ಸರ್ ಅಲ್ಲ.

"ಇದು ಯಾರಿಗೂ ಹತ್ತೂದಲ್ರಿ. ನಿಮ್ಮ ಯಜಮಾನ್ರದೂ ಗಂಗಾಳದಿಂದ ಹತ್ತೂ ರೋಗ ಅಲ್ಲ," ಎಂದರು ಡಾಕ್ಟರು.

ಹಗ್ಗ ಕಂಡು ಹಾವೆಂದು ಹೆದರಿದವಳನ್ನು ಬಯ್ಯಲು ನನಗೆ ಮನಸ್ಸಾಗಲಿಲ್ಲ. ಗಂಡನನ್ನು ಕಚ್ಚಿದ್ದು ನಿಜವಾದ ಹಾವೇ ಆಗಿತ್ತಲ್ಲ. ಊರಿಗೆ ಮರಳುವ ಬಸ್ಸಿನಲ್ಲಿ ಅವಳು ಆಡಿದ್ದು ಒಂದೇ ಮಾತು: "ನಿನ್ನ ಕತ್ರಿ ಕೊಡವಾ."

ಮನೆಯ ಕಟ್ಟೆಯ ಮೇಲೆ ಅಮೀರಾ ಆಡುತ್ತಿದ್ದಳು. ಖಾತುನಬಿ ಹತ್ತಿರ ಕುಳಿತು ಅವಳ ಕೆನ್ನೆಗೆ ಮುತ್ತಿಟ್ಟಳು. ಹುಡುಗಿ ಕೆನ್ನೆ ಮುಟ್ಟಿಕೊಂಡು ನೋಡಿದಳು.

"ನಾನಿ, ನಿನಗ ಮುತ್ತು ಕೊಡಾಕ ಬರತೈತಿ?"

"ಬರತಿತ್ತು ಬೇಟಿ," ಎಂದಳು ಖಾತುನಬಿ. "ಮೊದಲಿಂದ ಬರತಿತ್ತು."